ಹುಚ್ಚಾಸ್ಪತ್ರೆಯಿಂದ 14416ರವರೆಗೆ

ರಾತ್ರಿ 9ರ ಬುಲೆಟಿನ್ ಮುಗಿಸಿ ಮೈಕ್ ತೆಗೀತಿದ್ದೆ. ಡೆಸ್ಕ್‌ನ ಹುಡುಗ ಬಂದು, ‘ಸರ್, ಯಾರೋ ಮೂರು ಸಲ ಫೋನ್ ಮಾಡಿದಾರೆ, ನಿಮ್ಮ ಹತ್ರಾನೇ ಮಾತಾಡ್ಬೇಕಂತೆ’ ಅಂದ. ಇಂಥ ಕರೆಗಳು ದಿನಾ ಬರುತ್ತವೆ. ಬೈಯೋರು ಇರ್ತಾರೆ, ಹೊಗಳೋರು ಇರ್ತಾರೆ. ಫೋನ್ ತಗೊಂಡೆ. ಆ ಕಡೆಯವರು ಬೈಯಲಿಲ್ಲ. ಧಾರವಾಡ ಕಡೆಯ ಮಾತು, ವಯಸ್ಸಾದ ಧ್ವನಿ.

‘ಸರ, ನಿನ್ನೆ ನೀವು ಬೆಂಗಳೂರಿನ ಒಂದು ಪಿಜಿ ರೂಮ್ ತೋರಿಸಿದ್ರಲ್ಲ, ಅದು ನನ್ನ ಮಗನ ರೂಮ್ ರೀ. ಅವನ ಮಂಚ ತೋರಿಸಿದ್ರಿ, ಚಪ್ಪಲಿ ತೋರಿಸಿದ್ರಿ, ಕೆಳಗ ಲವ್ ಫೇಲ್ಯೂರ್ ಅಂತ ಬರದ್ರಿ. ಅಂವಾ ನಾಕ್ ತಿಂಗಳಿಂದ ನಿದ್ದಿ ಬರವಲ್ದು ಅಪ್ಪಾ ಅಂತಿದ್ದ. ಅದನ್ನ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.’

ಅಷ್ಟು ಹೇಳಿ ಫೋನ್ ಇಟ್ಟರು. ನಾನು ಕ್ಷಮೆ ಕೇಳೋಕೂ ಅವಕಾಶ ಆಗಲಿಲ್ಲ.

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕ್ಯಾಮೆರಾ ಮುಂದೆ ಕೂತವನು ನಾನು. ಎದುರಿಗೆ ಕೂತ ಮಂತ್ರಿಗಳನ್ನು ‘ಉತ್ತರ ಕೊಡಿ’ ಅಂತ ಎಷ್ಟೋ ಸಲ ಕೇಳಿದ್ದೇನೆ. ಆ ರಾತ್ರಿ ಉತ್ತರ ಕೊಡಬೇಕಾದವನು ನಾನಾಗಿದ್ದೆ. ಹಾಗಾಗಿ ಈ ಬರಹ. ನಗರಕ್ಕೆ ಬಂದ ಮಕ್ಕಳ ಮನಸ್ಸಿಗೆ ಏನಾಗ್ತಿದೆ ಅನ್ನೋ ಪ್ರಶ್ನೆಗೆ ಒಂದು ಇತಿಹಾಸ ಇದೆ. ಅದು ನಮ್ಮ ಬೆಂಗಳೂರಿನದ್ದೇ ಇತಿಹಾಸ. ಅದನ್ನು ತಿಳಿಯದೆ ‘ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಬಿಡ್ರೀ’ ಅಂದುಬಿಡೋದು ಬಹಳ ಸುಲಭ.

ಬೆಂಗಳೂರಿನಲ್ಲಿ ಒಂದು ಹಳೇ ಜೋಕ್ ಇದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರಪ್ಪಾ’ ಅಂತೀವಿ. ಸಿನಿಮಾದಲ್ಲಿ ಅಂದಿದ್ದಾರೆ, ಆಫೀಸಿನಲ್ಲಿ ಅಂತೀವಿ, ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ರಾಜಕಾರಣಿಗಳೂ ಒಬ್ಬರಿಗೊಬ್ಬರು ಅಂತಾರೆ. ಇಡೀ ದೇಶ ಗೌರವದಿಂದ ನೋಡುವ ಸಂಸ್ಥೆಯನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಈ ಬೈಗುಳಕ್ಕೆ ವಯಸ್ಸೆಷ್ಟು ಗೊತ್ತಾ? ಹತ್ತಿರ ಹತ್ತಿರ 180 ವರ್ಷ.

1847ರ ಹೊತ್ತಿಗೆ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅನ್ನುವ ವೈದ್ಯರು ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ಒಂದು ಆಸ್ಪತ್ರೆ ಶುರು ಮಾಡಿದರು. ಇಂಗ್ಲಿಷಿನಲ್ಲಿ ಅದರ ಹೆಸರು ಲುನಾಟಿಕ್ ಅಸೈಲಂ. ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಕಾಲದ ಇಂಥ ಆಸ್ಪತ್ರೆಗಳ ಮೊದಲ ಉದ್ದೇಶ ರೋಗಿಯನ್ನು ಗುಣಪಡಿಸುವುದಲ್ಲ. ಊರನ್ನು ಅವನಿಂದ ದೂರ ಇಡೋದು. 1912ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಬಂದ ಇಂಡಿಯನ್ ಲುನಸಿ ಆ್ಯಕ್ಟ್ ಓದಿದರೆ ಇದು ಇನ್ನೂ ಸ್ಪಷ್ಟವಾಗುತ್ತೆ. ಅದರಲ್ಲಿ ವೈದ್ಯರಷ್ಟೇ, ಕೆಲವು ಕಡೆ ವೈದ್ಯರಿಗಿಂತ ಹೆಚ್ಚಾಗಿ, ಪೊಲೀಸರು ಮತ್ತು ಮ್ಯಾಜಿಸ್ಟ್ರೇಟರು ಬರುತ್ತಾರೆ. ಮನಸ್ಸು ಕೆಟ್ಟವನು ಆಸ್ಪತ್ರೆ ಸೇರಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಜ್ವರ ಬಂದವನು ಆಸ್ಪತ್ರೆಗೆ ಹೋಗ್ತಾನೆ, ಮನಸ್ಸಿಗೆ ಜ್ವರ ಬಂದವನು ಕೋರ್ಟಿನ ಮೂಲಕ ಹೋಗಬೇಕು! ಈ ಕಾನೂನು ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಇದರ ಬದಲಿಗೆ ಮೆಂಟಲ್ ಹೆಲ್ತ್ ಆ್ಯಕ್ಟ್ ಪಾಸಾಗಿದ್ದು 1987ರಲ್ಲಿ, ಜಾರಿಯಾಗಿದ್ದು 1993ರಲ್ಲಿ. ಅಂದರೆ ಈಗ ನಲವತ್ತೈದು, ಐವತ್ತು ವಯಸ್ಸಿನ ಅಪ್ಪ ಅಮ್ಮಂದಿರು ಹುಟ್ಟಿದಾಗ ಈ ದೇಶದಲ್ಲಿ ‘ಲುನಸಿ’ ಕಾನೂನೇ ಇತ್ತು. ಮಕ್ಕಳು ‘ಥೆರಪಿಗೆ ಹೋಗ್ತೀನಿ’ ಅಂದಾಗ ಅವರು ಬೆಚ್ಚಿಬೀಳೋದರಲ್ಲಿ ಆಶ್ಚರ್ಯ ಇದೆಯಾ?

ಆದರೆ ನಮ್ಮ ಮೈಸೂರು ಸಂಸ್ಥಾನದ ಕಥೆಯಲ್ಲಿ ಇನ್ನೊಂದು ಮುಖ ಇದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿ ಅದಕ್ಕೆ ‘ಆಕಾಶವಾಣಿ’ ಅಂತ ಹೆಸರು ಕೊಟ್ಟವರು ಅಂತ ನಾವೆಲ್ಲ ಕ್ವಿಜ್‌ಗಳಲ್ಲಿ ಕೇಳುತ್ತೇವಲ್ಲ, ಅದೇ ಗೋಪಾಲಸ್ವಾಮಿ. ಮರುವರ್ಷ, 1925ರಲ್ಲಿ, ಬೆಂಗಳೂರಿನ ಅಸೈಲಂನ ಬೋರ್ಡು ಬದಲಾಯಿತು. ‘ಲುನಾಟಿಕ್’ ಪದ ಹೋಯಿತು, ‘ಮೆಂಟಲ್ ಹಾಸ್ಪಿಟಲ್’ ಬಂತು. ಬೋರ್ಡು ಬದಲಾದ ಮಾತ್ರಕ್ಕೆ ಏನಾಯ್ತು ಅಂತ ಕೇಳಬಹುದು. ಅಸೈಲಂ ಅಂದರೆ ಇಟ್ಟುಕೊಳ್ಳುವ ಜಾಗ, ಹಾಸ್ಪಿಟಲ್ ಅಂದರೆ ವಾಪಸ್ ಕಳಿಸುವ ಜಾಗ. ವ್ಯತ್ಯಾಸ ಅಷ್ಟೇ, ಆದರೆ ರೋಗಿಗೆ ಅದೇ ಎಲ್ಲಾ. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಡಾ. ಫ್ರಾಂಕ್ ನೊರೊನ್ಹಾ ಆಗ ಆಸ್ಪತ್ರೆಯ ಮುಖ್ಯಸ್ಥರು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಆಸ್ಪತ್ರೆ ಊರಾಚೆಯ ಲಕ್ಕಸಂದ್ರದ ವಿಶಾಲವಾದ ಜಾಗಕ್ಕೆ ಬಂತು. ಇವತ್ತು ಹೊಸೂರು ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತು ಹಾರ್ನ್ ಹೊಡೀತೀವಲ್ಲ, ಅದೇ ಜಾಗ. ಅವತ್ತು ಊರಾಚೆ, ಇವತ್ತು ಊರ ನಡುವೆ. ಆಸ್ಪತ್ರೆ ಅಲ್ಲೇ ಇದೆ, ಊರೇ ಅದರ ಹತ್ತಿರ ಬಂತು!

ಸ್ವಾತಂತ್ರ್ಯದ ಹಿಂದಿನ ವರ್ಷ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆ ಕುರಿತು ವರದಿ ಕೊಟ್ಟಿತು. ಅದರಲ್ಲಿ ಮನಸ್ಸಿನ ಆರೋಗ್ಯದ ಲೆಕ್ಕವೂ ಇದೆ. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದು ಹಾಸಿಗೆ, ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು. ಈ ಅಂತರ ತುಂಬೋಕೆ ಮೊದಲು ವೈದ್ಯರು ಬೇಕು, ವೈದ್ಯರನ್ನು ತಯಾರು ಮಾಡುವ ಸಂಸ್ಥೆ ಬೇಕು. ಅದಕ್ಕೆ ಆಯ್ಕೆಯಾಗಿದ್ದು ಬೆಂಗಳೂರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲೇ ಶುರುವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರ್ 27ರಂದು ಆ ಸಂಸ್ಥೆಯೂ ರಾಜ್ಯದ ಮೆಂಟಲ್ ಹಾಸ್ಪಿಟಲ್ಲೂ ಒಂದಾಗಿ ನಿಮ್ಹಾನ್ಸ್ ಆಯಿತು. 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಅನ್ನುವ ಸ್ಥಾನ ಸಿಕ್ಕಿತು. 2025ರ ಜನವರಿಯಲ್ಲಿ ಸುವರ್ಣ ಮಹೋತ್ಸವಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೇ ಬಂದಿದ್ದರು.

ಇಲ್ಲಿ ಒಂದು ಸಂಗತಿ ಗಮನಿಸಿ. ಯೂರೋಪಿನ ಆಸ್ಪತ್ರೆಗಳಲ್ಲಿ ರೋಗಿಯನ್ನು ಮನೆಯವರಿಂದ ಬೇರೆ ಮಾಡಿ ಇಡುತ್ತಿದ್ದರು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಇದನ್ನು ತಲೆಕೆಳಗು ಮಾಡಿದರು. ಆಸ್ಪತ್ರೆಯ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ರೋಗಿ ಬೇಗ ಚೇತರಿಸಿಕೊಂಡರು, ಮನೆಯವರ ಭಯವೂ ಹೋಯಿತು. ಮುಂದೆ ವೆಲ್ಲೂರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಇದೇ ದಾರಿ ಹಿಡಿದರು. ಮನಸ್ಸಿನ ಚಿಕಿತ್ಸೆಗೆ ಭಾರತ ಕೊಟ್ಟ ದೊಡ್ಡ ಪಾಠ ಇದು: ಜೊತೆಯಲ್ಲಿ ಒಬ್ಬರು ಕೂತಿರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಆಸ್ಪತ್ರೆ ಬದಲಾಯಿತು. ಮನೆ ಬದಲಾಯಿತಾ? ಅದಕ್ಕೆ ಉತ್ತರ ಬೇಕಾದರೆ ‘ಶರಪಂಜರ’ ನೋಡಿ. ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದರು. ಕಲ್ಪನಾ ಮಾಡಿದ ಕಾವೇರಿ ಪಾತ್ರವನ್ನು ಯಾರು ಮರೀತಾರೆ? ಬಾಣಂತನದ ನಂತರ ಕಾವೇರಿಯ ಮನಸ್ಸು ಕದಡುತ್ತೆ. ಆಸ್ಪತ್ರೆ ಸೇರ್ತಾಳೆ, ಗುಣವಾಗ್ತಾಳೆ, ಮನೆಗೆ ಬರ್ತಾಳೆ. ಕಥೆ ಅಲ್ಲಿಗೆ ಮುಗೀಬೇಕಿತ್ತು. ಮುಗಿಯೋದಿಲ್ಲ. ಗುಣವಾಗಿ ಬಂದವಳನ್ನು ಗಂಡ, ನೆರೆಹೊರೆ, ಬಂಧುಗಳು ಎಲ್ಲರೂ ಸೇರಿ ಮತ್ತೆ ಆಸ್ಪತ್ರೆಗೆ ಕಳಿಸುತ್ತಾರೆ. ವೈದ್ಯರು ಗೆದ್ದಿದ್ದರು, ಮನೆ ಸೋಲಿಸಿತು. ಆ ಸಿನಿಮಾ ನೋಡಿ ಥಿಯೇಟರಿನಲ್ಲಿ ಅತ್ತ ಜನರೇ ಮನೆಗೆ ಬಂದು ಮಗಳ ಸಂಬಂಧ ನೋಡುವಾಗ ‘ಅವರ ಮನೇಲಿ ಯಾರಿಗಾದ್ರೂ ತಲೆ ಕೆಟ್ಟಿತ್ತಾ’ ಅಂತ ವಿಚಾರಿಸಿದರು. ಹಾಗಾಗಿ ‘ಹಿಂದಿನ ಕಾಲ ಚೆನ್ನಾಗಿತ್ತು, ಕೂಡು ಕುಟುಂಬ ಇತ್ತು, ಯಾರಿಗೂ ಡಿಪ್ರೆಷನ್ ಇರ್ಲಿಲ್ಲ’ ಅನ್ನೋ ವಾಟ್ಸಾಪ್ ಇತಿಹಾಸವನ್ನು ನಾನು ನಂಬುವುದಿಲ್ಲ. ಇತ್ತು ಸ್ವಾಮಿ. ಒಳಮನೆಯಲ್ಲಿ ಇತ್ತು, ಬಾಗಿಲು ಹಾಕಿತ್ತು.

ಆದರೂ ನಗರಕ್ಕೆ ಬಂದ ಹುಡುಗರ ಮಟ್ಟಿಗೆ ಏನೋ ಒಂದು ಬದಲಾಗಿದೆ. ಅದೇನು?

ನೂರು ವರ್ಷದ ಹಿಂದೆ ಹಳ್ಳಿಯ ಬಡ ಹುಡುಗ ಓದೋಕೆ ಬೆಂಗಳೂರಿಗೋ ಮೈಸೂರಿಗೋ ಬಂದರೆ ವಾರಾನ್ನ ಮಾಡ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ದಿನ, ಏಳು ಮನೆಯ ಊಟ. ಅದರಲ್ಲಿ ಅವಮಾನ ಇತ್ತು, ಎಂಜಲು ಮಾತು ಇತ್ತು. ಎಲ್ಲ ಜಾತಿಯ ಹುಡುಗರಿಗೆ ಆ ಬಾಗಿಲುಗಳು ತೆರೆಯುತ್ತಲೂ ಇರಲಿಲ್ಲ. ಅದನ್ನು ವೈಭವೀಕರಿಸುವ ಅಗತ್ಯವಿಲ್ಲ. ಆದರೆ ಒಂದು ಮಾತು ನಿಜ. ವಾರಕ್ಕೆ ಏಳು ಮನೆಯ ತಾಯಂದಿರು ಆ ಹುಡುಗನ ಮುಖ ನೋಡುತ್ತಿದ್ದರು. ‘ಯಾಕೋ ಸಪ್ಪಗಿದ್ದೀಯ?’ ಅಂತ ಕೇಳೋಕೆ ಒಬ್ಬರಾದರೂ ಇರುತ್ತಿದ್ದರು. ಆಮೇಲೆ ಮಠಗಳ ಉಚಿತ ಹಾಸ್ಟೆಲ್, ಸಮುದಾಯಗಳ ಹಾಸ್ಟೆಲ್, ಸರ್ಕಾರಿ ಹಾಸ್ಟೆಲ್ ಬಂದವು. ಅಲ್ಲಿ ಹೊಟ್ಟೆ ತುಂಬದಿದ್ದರೂ ರೂಮಿನ ತುಂಬ ಜನ ಇದ್ದರು.

ನಂತರ ಕಾರ್ಖಾನೆಗಳ ಕಾಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವು ಬರೀ ಕೆಲಸ ಕೊಡಲಿಲ್ಲ. ಕ್ವಾರ್ಟರ್ಸ್ ಕೊಟ್ಟವು, ಶಾಲೆ, ಆಸ್ಪತ್ರೆ, ಆಟದ ಮೈದಾನ, ಫ್ಯಾಕ್ಟರಿ ಬಸ್ಸು ಕೊಟ್ಟವು. ಕನ್ನಡ ಸಂಘ ಇತ್ತು, ನಾಟಕ ಇತ್ತು, ನವೆಂಬರ್ ಬಂದರೆ ರಾಜ್ಯೋತ್ಸವ ಇತ್ತು. ಸೈರನ್ ಕೂಗಿದರೆ ಕೆಲಸ ಶುರು, ಮತ್ತೆ ಕೂಗಿದರೆ ಕೆಲಸ ಮುಗೀತು. ಮುಗೀತು ಅಂದರೆ ಮುಗೀತು. ಮನೆಗೆ ಬಂದ ಮೇಲೆ ಮ್ಯಾನೇಜರ್ ಮೆಸೇಜ್ ಹಾಕುತ್ತಿರಲಿಲ್ಲ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 90ರ ದಶಕದಲ್ಲಿ ಐಟಿ ಬೆಳೆಯಿತು, ಅದರ ಬೆನ್ನಿಗೆ ಕಾಲ್ ಸೆಂಟರ್ ಬಂತು. ಲಕ್ಷಾಂತರ ಕುಟುಂಬಗಳ ಬಾಳು ಬದಲಾಯಿತು, ಅದನ್ನು ಯಾರೂ ಅಲ್ಲಗಳೆಯೋಕಾಗಲ್ಲ. ಹಳ್ಳಿಯ ರೈತನ ಮಗಳು ವಿಮಾನ ಹತ್ತಿದ್ದು ಇದರಿಂದಲೇ. ಆದರೆ ಈ ಹೊಸ ಉದ್ಯಮ ಸಂಬಳ ಕೊಟ್ಟಿತೇ ಹೊರತು ಊರು ಕಟ್ಟಿಕೊಡಲಿಲ್ಲ. 1951ರಲ್ಲಿ ಬೆಂಗಳೂರಿನ ಜನಸಂಖ್ಯೆ 8 ಲಕ್ಷದ ಒಳಗಿತ್ತು. 2011ರ ಜನಗಣತಿಯಲ್ಲಿ ಅದು 84 ಲಕ್ಷ. ಹೀಗೆ ಬಂದ ಜನಕ್ಕೆ ಕ್ವಾರ್ಟರ್ಸ್ ಎಲ್ಲಿತ್ತು? ಪಿಜಿ ಇತ್ತು. ಹತ್ತಡಿ ಉದ್ದ, ಎಂಟಡಿ ಅಗಲದ ರೂಮಿನಲ್ಲಿ ಮೂರು ಮಂಚ. ಒಬ್ಬ ರಾತ್ರಿ ಪಾಳಿಯಿಂದ ಬರುವಾಗ ಇನ್ನೊಬ್ಬ ಬೆಳಗಿನ ಪಾಳಿಗೆ ಹೊರಟಿರ್ತಾನೆ, ಮೂರನೆಯವನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಗೋಡೆ ಕಡೆ ತಿರುಗಿ ಮಲಗಿರ್ತಾನೆ. ಆರು ತಿಂಗಳು ಒಂದೇ ರೂಮಿನಲ್ಲಿದ್ದರೂ ಒಬ್ಬನ ಊರು ಇನ್ನೊಬ್ಬನಿಗೆ ಗೊತ್ತಿರಲ್ಲ. ವಾರಾನ್ನದ ಹುಡುಗನ ಮುಖವನ್ನು ಏಳು ಮನೆಯವರು ನೋಡುತ್ತಿದ್ದರು. ಈ ಹುಡುಗನ ಮುಖವನ್ನು ನೋಡೋರು ಯಾರು? ಆಫೀಸಿನ ಬಾಗಿಲಲ್ಲಿ ಹಾಜರಿ ಹಾಕಿಕೊಳ್ಳುವ ಮೆಷೀನು!

ಇದು ನನ್ನ ಭಾವುಕತೆ ಅಂತ ನಿಮಗೆ ಅನ್ನಿಸಿದರೆ ಅಂಕಿಅಂಶ ನೋಡಿ. ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು, 12 ರಾಜ್ಯಗಳಲ್ಲಿ. 18 ವರ್ಷ ಮೇಲ್ಪಟ್ಟವರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಇನ್ನು 13ರಿಂದ 17 ವರ್ಷದ ಮಕ್ಕಳ ಲೆಕ್ಕ ನೋಡಿ. ಹಳ್ಳಿಗಳಲ್ಲಿ ಶೇ. 6.9, ಮಹಾನಗರಗಳಲ್ಲಿ ಶೇ. 13.5. ಹತ್ತಿರ ಹತ್ತಿರ ಎರಡು ಪಟ್ಟು. ‘ನಗರದಲ್ಲಿ ಡಾಕ್ಟರ್ ಜಾಸ್ತಿ ಇದ್ದಾರೆ, ಅದಕ್ಕೇ ಕೇಸು ಜಾಸ್ತಿ ಕಾಣುತ್ತೆ’ ಅಂತ ಕೆಲವರು ವಾದ ಮಾಡ್ತಾರೆ. ಇದು ಆಸ್ಪತ್ರೆಯ ರಿಜಿಸ್ಟರ್ ನೋಡಿ ಮಾಡಿದ ಲೆಕ್ಕ ಅಲ್ಲ, ಮನೆಮನೆಗೆ ಹೋಗಿ ಕೇಳಿ ಮಾಡಿದ ಲೆಕ್ಕ. ಇನ್ನೂ ಕಳವಳದ ವಿಷಯ ಬೇರೆ ಇದೆ. ತೊಂದರೆ ಇದ್ದವರಲ್ಲಿ, ಕಾಯಿಲೆಗೆ ತಕ್ಕ ಹಾಗೆ, ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿ ತೆಗೀರಿ. ಆ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಜನ. ಅವರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಜನ 18ರಿಂದ 30 ವರ್ಷದ ಒಳಗಿನವರು. 13,044 ಜನ ವಿದ್ಯಾರ್ಥಿಗಳು. ದೇಶದಲ್ಲಿ ಒಂದು ಲಕ್ಷ ಜನಸಂಖ್ಯೆಗೆ 12.4 ಸಾವಾದರೆ, 53 ದೊಡ್ಡ ನಗರಗಳಲ್ಲಿ 16.4. ಇವು ಪೊಲೀಸ್ ಠಾಣೆಯಲ್ಲಿ ದಾಖಲಾದವು ಮಾತ್ರ. ಇದೇ ವರದಿಯಲ್ಲಿ ಕಾರಣಗಳ ಪಟ್ಟಿಯೂ ಇದೆ. ನಾವು ಟಿವಿಯವರು ಯಾವಾಗಲೂ ಹೇಳುವ ‘ಪ್ರೇಮ ವೈಫಲ್ಯ’ ಅದರಲ್ಲಿ ಶೇ. 5ನ್ನೂ ಮುಟ್ಟುವುದಿಲ್ಲ. ಕೌಟುಂಬಿಕ ಸಮಸ್ಯೆ ಶೇ. 31.7, ಕಾಯಿಲೆ ಶೇ. 18.4. ಈ ಪಟ್ಟಿಯನ್ನೂ ಹುಷಾರಾಗಿ ಓದಬೇಕು, ಯಾಕೆಂದರೆ ಯಾರೂ ಒಂದೇ ಕಾರಣಕ್ಕೆ ಸಾಯುವುದಿಲ್ಲ. ಸಾಲದ ಕಂತು, ಕೆಲಸ ಹೋಗುವ ಭಯ, ನಿದ್ದೆ ಇಲ್ಲದ ರಾತ್ರಿಗಳು, ಊರಲ್ಲಿ ಹೇಳಿಕೊಳ್ಳಲಾಗದ ಸೋಲು ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಪೊಲೀಸರ ಫಾರಂನಲ್ಲಿ ಕಾರಣ ಬರೆಯೋಕೆ ಇರೋದು ಒಂದೇ ಕಾಲಂ. ನಮ್ಮ ಟಿವಿ ಸ್ಕ್ರೀನಿನ ಕೆಳಗೆ ಇರೋದೂ ಒಂದೇ ಸಾಲು.

ಇಲ್ಲೊಂದು ವಿಪರ್ಯಾಸ ಇದೆ. ನಿಮ್ಹಾನ್ಸ್‌ನ ವೈದ್ಯರು 70ರ ದಶಕದಲ್ಲೇ ಆಸ್ಪತ್ರೆಯ ಗೋಡೆ ದಾಟಿ ಹೊರಟಿದ್ದರು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಮಾಡಿದರು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆ ಕೊಡಿಸಿದರು. ‘ಬಳ್ಳಾರಿ ಮಾದರಿ’ ಅಂತಲೇ ಅದು ಹೆಸರಾಯಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ಬುನಾದಿ. ಕನ್ನಡಿಗರು ಹೆಮ್ಮೆ ಪಡಬೇಕಾದ ಇತಿಹಾಸ ಇದು. ಆವತ್ತಿನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆಸ್ಪತ್ರೆ ನಗರದಲ್ಲಿದೆ, ಹಳ್ಳಿಯಲ್ಲಿಲ್ಲ, ಹಾಗಾಗಿ ಹಳ್ಳಿಗೆ ಹೋಗೋಣ. ಆದರೆ ನಾವು ಹಳ್ಳಿಗೆ ಚಿಕಿತ್ಸೆ ಒಯ್ಯುತ್ತಿದ್ದ ಹೊತ್ತಿನಲ್ಲೇ ಹಳ್ಳಿಯ ಮಕ್ಕಳು ನಗರಕ್ಕೆ ಬರುತ್ತಿದ್ದರು. ನಿಮ್ಹಾನ್ಸ್ ಗೇಟಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಪಿಜಿಯಲ್ಲಿ ಒಬ್ಬ ಹುಡುಗ ನಿದ್ದೆ ಬರದೆ ಸೀಲಿಂಗ್ ನೋಡುತ್ತಾ ಮಲಗಿರುತ್ತಾನೆ. ಆ ಗೇಟು ಅವನಿಗೆ ಬಳ್ಳಾರಿಗಿಂತ ದೂರ. ಯಾಕೆ? ಯಾಕೆಂದರೆ ನಿಮ್ಹಾನ್ಸ್ ಅನ್ನೋದು ಅವನು ಚಿಕ್ಕಂದಿನಿಂದ ಕೇಳಿದ ಬೈಗುಳ.

ಕಾನೂನಿನ ಕಥೆಯನ್ನೂ ಹೇಳಿಬಿಡುತ್ತೇನೆ. 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕಿದವನು ಅಪರಾಧಿ, ಒಂದು ವರ್ಷದವರೆಗೆ ಜೈಲು. ಬದುಕಿ ಬಂದವನಿಗೆ ಮೊದಲು ಸಿಗುತ್ತಿದ್ದದ್ದು ಸಾಂತ್ವನ ಅಲ್ಲ, ಎಫ್‌ಐಆರ್. 1994ರಲ್ಲಿ ಸುಪ್ರೀಂ ಕೋರ್ಟ್ ಇದು ಸಂವಿಧಾನ ವಿರೋಧಿ ಅಂತು. ಎರಡೇ ವರ್ಷಕ್ಕೆ, 1996ರಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಿರುಗಿಸಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾಕ್ಕೆ ಹರಕೆ ಹೊತ್ತು ಬಂದವರನ್ನು ಇಡುತ್ತಿದ್ದ ಖಾಸಗಿ ಕೇಂದ್ರ ಅದು. ಅಲ್ಲಿದ್ದ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗದೆ 28 ಜನ ಸತ್ತರು. ದೇಶ ಸ್ವಲ್ಪ ಎಚ್ಚೆತ್ತಿತು. 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು, ಮರುವರ್ಷ ಜಾರಿಯಾಯಿತು. ಅದರ 115ನೇ ಕಲಂ ಏನು ಹೇಳುತ್ತೆ? ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಅಂತ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವನಿಗೆ ಆರೈಕೆ ಕೊಡಬೇಕು. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಇದ್ದಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೇ 309 ಇಲ್ಲ, ಸರ್ಕಾರಿ ನೌಕರನನ್ನು ಬಲವಂತಪಡಿಸಲು ಯತ್ನಿಸಿದರೆ ಮಾತ್ರ ಶಿಕ್ಷೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್‌ಗಳಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೆ ಏನೇನು ವ್ಯವಸ್ಥೆ ಇರಬೇಕು ಅಂತ ಮಾರ್ಗಸೂಚಿ ಕೊಟ್ಟಿದೆ. 160 ವರ್ಷ ಬೇಕಾಯಿತು ನೋಡಿ, ನೋವನ್ನು ಅಪರಾಧ ಅನ್ನೋದನ್ನ ನಿಲ್ಲಿಸೋಕೆ.

ಈಗ ನನ್ನ ಸರದಿ.

ಆಸ್ಟ್ರಿಯಾದ ವಿಯೆನ್ನಾದಲ್ಲಿ 80ರ ದಶಕದಲ್ಲಿ ಸುರಂಗ ರೈಲಿನಲ್ಲಿ ಜನ ಪ್ರಾಣ ಕಳೆದುಕೊಳ್ಳುವುದು ಹೆಚ್ಚಾಯಿತು. ಪತ್ರಿಕೆಗಳು ಅದನ್ನು ದೊಡ್ಡ ದೊಡ್ಡ ಸುದ್ದಿ ಮಾಡುತ್ತಿದ್ದವು. ಸುದ್ದಿ ಹೆಚ್ಚಾದಂತೆ ಸಾವೂ ಹೆಚ್ಚಾಗುತ್ತಿದೆ ಅಂತ ತಜ್ಞರು ಗುರುತಿಸಿದರು. 1987ರಲ್ಲಿ ಪತ್ರಕರ್ತರಿಗೆ ಮಾರ್ಗಸೂಚಿ ಕೊಟ್ಟರು. ಪತ್ರಿಕೆಗಳು ಒಪ್ಪಿದವು, ವಿಧಾನ ಬರೆಯೋದು ನಿಲ್ಲಿಸಿದವು, ಮುಖಪುಟದಿಂದ ತೆಗೆದವು. ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ಔಷಧಿ ಇಲ್ಲ, ಆಸ್ಪತ್ರೆ ಇಲ್ಲ, ಸುದ್ದಿ ಬರೆಯುವ ರೀತಿ ಬದಲಿಸಿದ್ದಕ್ಕೇ ಜೀವ ಉಳಿದವು. ನಮ್ಮ ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಇಂಥದ್ದೇ ಮಾರ್ಗಸೂಚಿ ಕೊಟ್ಟಿದೆ. ವಿಧಾನ ವಿವರಿಸಬೇಡಿ, ಜಾಗ ತೋರಿಸಬೇಡಿ, ರೋಚಕ ಶೀರ್ಷಿಕೆ ಬೇಡ. 2017ರ ಕಾಯ್ದೆಯ 24ನೇ ಕಲಂ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮ ಬಿಡುಗಡೆ ಮಾಡುವಂತಿಲ್ಲ ಅನ್ನುತ್ತೆ.

ಇದೆಲ್ಲ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಗೊತ್ತಿದ್ದೂ ಆ ಮಂಚ ತೋರಿಸಿದೆವು. ಬೇರೆಯವರು ತೋರಿಸಿಬಿಡ್ತಾರೆ ಅನ್ನೋ ಭಯಕ್ಕೆ ತೋರಿಸಿದೆವು. ಕೆಳಗಿನ ಸಾಲನ್ನು ಬರೆದ ಹುಡುಗನಿಗೂ ಇಪ್ಪತ್ತನಾಲ್ಕೇ ವಯಸ್ಸು. ಅವನೂ ಪಿಜಿಯಲ್ಲೇ ಇದ್ದಾನೆ, ಅವನಿಗೂ ರಾತ್ರಿ ಪಾಳಿ. ಮಾರನೇ ದಿನ ಆ ತಂದೆಯ ಮಾತನ್ನು ಮೀಟಿಂಗಿನಲ್ಲಿ ಹೇಳಿದೆ. ಎಲ್ಲರೂ ಸುಮ್ಮನಾದರು. ಮೀಟಿಂಗ್ ಮುಗಿದ ಮೇಲೆ ಆ ಹುಡುಗ ನನ್ನ ಚೇಂಬರಿಗೆ ಬಂದ. ‘ಸರ್, ನನಗೂ ನಿದ್ದೆ ಬರ್ತಿಲ್ಲ ಸರ್’ ಅಂದ. ಎರಡು ವರ್ಷದಿಂದ ನನ್ನ ಎದುರೇ ಓಡಾಡುವ ಹುಡುಗ. ನಾನು ಅವನಿಗೆ ಟಿಕರ್ ಯಾಕೆ ಲೇಟು ಅಂತ ಕೇಳಿದ್ದೆ, ಹೇಗಿದ್ದೀಯ ಅಂತ ಒಂದು ದಿನವೂ ಕೇಳಿರಲಿಲ್ಲ.

ಆವತ್ತು ಅವನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಕೇಳಿದೆ. ಬುದ್ಧಿ ಹೇಳಲಿಲ್ಲ. ‘ನಮ್ಮ ಕಾಲದಲ್ಲಿ’ ಅನ್ನಲಿಲ್ಲ. ಆಮೇಲೆ ನನ್ನ ಎದುರೇ 14416ಕ್ಕೆ ಫೋನ್ ಮಾಡಿಸಿದೆ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು, ಬೆಂಗಳೂರಿನಿಂದಲೇ. ನಿಮ್ಹಾನ್ಸ್ ಇದರ ಕೇಂದ್ರಬಿಂದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿನ ಆಪ್ತಸಮಾಲೋಚಕರು ಮೊದಲು ಕೇಳುತ್ತಾರೆ, ಬೇಕಾದರೆ ವೈದ್ಯರಿಗೆ ದಾಟಿಸುತ್ತಾರೆ. ಆ ಹುಡುಗ ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ. ಪಾಳಿ ಬದಲಿಸಿದ್ದೇವೆ. ಇವತ್ತಿಗೂ ಕೆಲವು ದಿನ ಅವನಿಗೆ ಕಷ್ಟವಾಗುತ್ತೆ. ಆದರೆ ಅವನು ಬಂದು ಹೇಳ್ತಾನೆ.

ಒಂದು ನಂಬರ್ ಎಲ್ಲವನ್ನೂ ಸರಿಮಾಡಲ್ಲ ಅಂತ ನನಗೂ ಗೊತ್ತು. ಈ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗುವುದಿಲ್ಲ. ಖಾಸಗಿ ಥೆರಪಿಯ ಫೀಸು ಎಲ್ಲರ ಕೈಗೆಟುಕಲ್ಲ. ಸರ್ಕಾರ ವೈದ್ಯರನ್ನು ಕೊಡಬೇಕು, ಕಂಪನಿಗಳು ರಾತ್ರಿಯನ್ನು ರಾತ್ರಿಯಾಗಿ ಬಿಡಬೇಕು, ಕಾಲೇಜುಗಳು ಕೋರ್ಟ್ ಹೇಳಿದ್ದನ್ನು ಮಾಡಬೇಕು. ಇದನ್ನು ಕೇಳುತ್ತಲೇ ಇರೋಣ, ಕೇಳೋದು ನನ್ನ ಕೆಲಸ. ಆದರೆ ಅವರೆಲ್ಲ ಮಾಡುವವರೆಗೆ ನೀವೂ ನಾನೂ ಮಾಡಬಹುದಾದ್ದು ಅಮೃತಸರದ ಆ ಟೆಂಟುಗಳು ಹೇಳಿದ್ದೇ. ಜೊತೆಯಲ್ಲಿ ಒಬ್ಬರು ಕೂತಿರಬೇಕು. ಇವತ್ತು ರಾತ್ರಿ ಊರಿಂದ ಮಗನಿಗೋ ಮಗಳಿಗೋ ಫೋನ್ ಮಾಡಿದಾಗ ‘ಊಟ ಆಯ್ತಾ, ಸಂಬಳ ಆಯ್ತಾ’ ಅಂತ ಕೇಳಿ ಇಟ್ಟುಬಿಡಬೇಡಿ. ‘ನಿದ್ದೆ ಬರ್ತಿದೆಯಾ?’ ಅಂತ ಕೇಳಿ. ‘ಇಲ್ಲ’ ಅಂದರೆ ಬೈಯಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಸಾಧ್ಯವಾದರೆ ಮಾರನೇ ದಿನ ಬಸ್ ಹತ್ತಿ ಬನ್ನಿ.

ಧಾರವಾಡದ ಆ ತಂದೆಗೆ ವಾರ ಬಿಟ್ಟು ನಾನೇ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ನಮ್ಮ ಚಾನೆಲ್ಲಿನಲ್ಲಿ ಇನ್ನು ಮುಂದೆ ಯಾವ ಮಕ್ಕಳ ರೂಮನ್ನೂ ತೋರಿಸಲ್ಲ ಅಂತ ತೀರ್ಮಾನ ಮಾಡಿದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆತ್ ರೀ ಸರ. ನಿಮ್ ಆಫೀಸನ್ಯಾಗೂ ಹುಡುಗೋರು ಇರ್ತಾರಲ್ರೀ, ಅವರ್ನ ಛೊಲೊ ನೋಡ್ಕೋರಿ’ ಅಂದರು.

ಡೆಸ್ಕಿನ ಕಡೆ ನೋಡಿದೆ. ಹನ್ನೊಂದು ಜನ ಹುಡುಗ ಹುಡುಗಿಯರು ಸ್ಕ್ರೀನ್ ನೋಡುತ್ತಾ ಕೂತಿದ್ದರು. ಎದ್ದು ಅವರ ಹತ್ತಿರ ಹೋದೆ.